ನೂಕದೆ ಹೊರಡುವ ಕಾರು

ಕಾರು ಸಣ್ಣದಾದಷ್ಟೂ ಅದರ ಹಿಂದೆ ನಗುವ ಜನ ಜಾಸ್ತಿ. ಬಂಟ್ವಾಳದಲ್ಲಿ ಬಾಡಿಗೆ ಕಾರು ಓಡಿಸಿದವ ನಾನು. ಇಂಥದ್ದು ಆಗುತ್ತಲೇ ಇತ್ತು. ಹೆಂಡತಿ ತೀರಿಹೋಗಿ ಇನ್ನೂ ವರ್ಷ ತುಂಬಲಿಲ್ಲ. ಈಗ ನಗೆಯ ಕತೆ ಬೇಡ ಎಂದು ತಂಗಿ ಹೇಳುತ್ತಾಳೆ. ಆದರೆ ಹೆಂಡತಿ ಇರುವುದೇ ಈ ಕತೆಗಳಲ್ಲಿ. ಬೇರೆ ಎಲ್ಲಿ ಹುಡುಕುವುದು?

೧. ಮದುಮಗನೇ ಡ್ರೈವರ್

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ. ದೇಶ ಹೊಸತು, ಕಾರು ಹಳತು. ನನ್ನ ಮದುವೆ ಮೂಡುಬಿದಿರೆಯಲ್ಲಿ. ಕಾರಿನ ಧನಿಗಳು ಕಾರು ಕೊಟ್ಟರು, ಡ್ರೈವರನ್ನು ಕೊಡಲಿಲ್ಲ. ಅವರಲ್ಲಿದ್ದ ಡ್ರೈವರ್ ನಾನೊಬ್ಬನೇ.

ಅದು ಬೇಬಿ ಕಾರು. ಎರಡೇ ಬಾಗಿಲು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಹುಡುಗಿಯ ಸೋದರಮಾವ ಒಂದು ಸುತ್ತು ಬಂದು ನೋಡಿದರು.

"ಅಳಿಯಂದಿರೇ, ನಾವು ಇದರಲ್ಲಿ ಕೂರುವುದಾ, ಇದನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದಾ?"

ಧಾರೆ ಮುಗಿಸಿ ಮನೆಗೆ ಬರುವಾಗ ಸಿದ್ಧಕಟ್ಟೆ ದಾಟಿ ಏರಿನಲ್ಲಿ ಕಾರು ನಿಂತಿತು. ಪೇಟ ತೆಗೆದಿಟ್ಟು ಹ್ಯಾಂಡಲ್ ತಿರುಗಿಸಿದೆ. ಬೆವರು ಬಂತು, ಇಂಜಿನ್ ಬರಲಿಲ್ಲ. ಎಲ್ಲರೂ ಇಳಿದು ನೂಕಿದರು. ಧಾರೆ ಸೀರೆ ಎತ್ತಿ ಕಟ್ಟಿ ಮದುಮಗಳೂ ನೂಕಿದಳು. ಕಾರು ಹೊರಟಿತು. "ಹತ್ತು" ಎಂದೆ. ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಇದು: "ನೂಕುವ ಕಾರಿಗೆ ನಾನು ಹತ್ತುವುದಿಲ್ಲ. ನೂಕದೆ ಹೊರಡುವುದು ಬಂದ ದಿನ ಹೇಳಿ."

ಹಿಂದೆ ಬಂದ ಎತ್ತಿನಗಾಡಿ ಹತ್ತಿದಳು. ನಮಗಿಂತ ಮೊದಲು ಮನೆ ಸೇರಿದಳು.

೨. ಮಂತ್ರದ ಏರು

ಎರಡನೆಯ ಕಾರು ಸ್ವಲ್ಪ ಉದ್ದ. ಬಟನ್ ಒತ್ತಿದರೆ ಸ್ಟಾರ್ಟ್, ಬ್ಯಾಟರಿಗೆ ಮನಸ್ಸಿದ್ದರೆ.

ಒಮ್ಮೆ ಕಕ್ಕಿಂಜೆಗೆ ಬಾಡಿಗೆ. ಪೂಜೆಗೆ ಹೊರಟ ಭಟ್ಟರು, ಒಣಮೀನಿನ ವ್ಯಾಪಾರದ ಬ್ಯಾರಿ, ಬ್ಯಾರಿಯ ಇಬ್ಬರು ತಮ್ಮಂದಿರು. ಮೀನು ಇರಲಿಲ್ಲ, ವಾಸನೆ ಇತ್ತು. ಬೆಳ್ತಂಗಡಿ ಕಳೆದು ಏರಿನಲ್ಲಿ ಕಾರು ನಿಂತಿತು.

"ನಾನು ಮಡಿಯಲ್ಲಿದ್ದೇನೆ, ನೂಕುವ ಹಾಗಿಲ್ಲ" ಎಂದರು ಭಟ್ಟರು. ಮೀನಿನ ವಾಸನೆಗೆ ಹೋಗದ ಮಡಿ ನೂಕಿದರೆ ಹೋಗುತ್ತದಂತೆ.

ಉಳಿದ ಮೂವರು ನೂಕಿದರು. ಕಾರು ಹೊರಟಿತು. ಭಟ್ಟರು ಹೇಳಿದರು, "ನೋಡಿದಿರಾ, ನಾನು ಒಳಗೆ ಮಂತ್ರ ಹೇಳ್ತಾ ಇದ್ದೆ."

ಬ್ಯಾರಿ ಮುಖ ಒರೆಸಿಕೊಂಡರು. "ಹೌದಾ ಭಟ್ರೇ? ಹಾಗಾದರೆ ಮುಂದಿನ ಏರಿಗೆ ನಾವೂ ಒಳಗೇ ಕೂರ್ತೇವೆ."

ಮನೆಯಲ್ಲಿ ಹೇಳಿದೆ. ಹೆಂಡತಿ ನಕ್ಕು ನಕ್ಕು ಗಂಜಿ ಬಡಿಸುವುದನ್ನೇ ಮರೆತಳು. ಆಮೇಲೆ ಕೇಳಿದಳು, "ಅಂತೂ ಇದೂ ನೂಕುವುದೇ ಅಲ್ವಾ?" ನನ್ನ ಕಾರಿನಲ್ಲಿ ಅವಳನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಬೇಕೆಂದು ನನಗೆ ಆಸೆ. ಅವಳು ಬಸ್ಸಿನಲ್ಲಿ ಹೋಗಿ ಬಂದಳು. ನನಗೆ ಪ್ರಸಾದ ಕೊಟ್ಟಳು.

೩. ಹಿಂದಿನ ಸೀಟು

ಮೂರನೆಯದು ಹೊಸ ಕಾರು. ನಾಲ್ಕು ಬಾಗಿಲು. ಕೀ ತಿರುಗಿಸಿದರೆ ಹೊರಟಿತು. ಇಂಜಿನ್ ಸದ್ದೇ ಇಲ್ಲ. ಅಂಗಳದಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ, ನಿಲ್ಲಿಸಿ ಸ್ಟಾರ್ಟ್ ಮಾಡಿ ತೋರಿಸಿದೆ. ಕೊನೆಗೂ ಹತ್ತಿದಳು. ಹಿಂದಿನ ಸೀಟಿಗೆ.

"ಮುಂದೆ ಕೂತರೆ ಜನ ನನ್ನನ್ನು ಕ್ಲೀನರ್ ಅಂತ ತಿಳೀತಾರೆ."

ಧರ್ಮಸ್ಥಳಕ್ಕೆ ಹೊರಟೆವು. ಪುಂಜಾಲಕಟ್ಟೆಯ ಹತ್ತಿರ ಏರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ನಿಲ್ಲಿಸಿದೆ. ಹಿಂದೆ ಬಾಗಿಲು ಹಾಕಿದ ಸದ್ದು ಕೇಳಿತು. ಸೆರಗು ಸಿಕ್ಕಿರಬೇಕು, ತೆಗೆದು ಸರಿಯಾಗಿ ಹಾಕಿದಳು ಎಂದುಕೊಂಡೆ. ಎಮ್ಮೆಗಳು ಹೋದವು. ನಾನೂ ಹೋದೆ.

"ಹೇಗುಂಟು ಕಾರು?" ಉತ್ತರ ಇಲ್ಲ. "ಈಗ ಮಾತು ಬರುವುದಿಲ್ಲ ಅಲ್ವಾ, ಮಾರಾಯ್ತಿ?" ಅದಕ್ಕೂ ಇಲ್ಲ. ಅಂತೂ ಗೆದ್ದೆ ಎಂದುಕೊಂಡೆ. ಮಡಂತ್ಯಾರಿನಲ್ಲಿ ಚಾ ಕುಡಿಯಲು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದರೆ, ಸೀಟಿನಲ್ಲಿ ಹಣ್ಣುಕಾಯಿಯ ಚೀಲ ಮಾತ್ರ.

ಕಾರು ತಿರುಗಿಸಿ ಓಡಿಸಿದೆ. ಅದೇ ಏರಿನಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಸೀರೆ ಎತ್ತಿ ಕಟ್ಟಿದ್ದು ಹಾಗೇ ಇತ್ತು. ಕೈಯೆಲ್ಲ ಧೂಳು.

"ಸದ್ದು ಇರಲಿಲ್ಲ, ನಿಂತೇ ಹೋಯಿತು ಅಂತ ಮಾಡಿದೆ. ಎಮ್ಮೆಯವ ಬೇರೆ ನೋಡ್ತಾ ಇದ್ದ. ನಿಮ್ಮ ಮರ್ಯಾದೆ ಹೋಗುವುದು ಬೇಡ ಅಂತ ಸುಮ್ಮನೆ ಇಳಿದೆ."

ಕಾರನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ನಾನು ನೂಕಿದ್ದು ಸ್ವಲ್ಪ ಜೋರಾಯಿತಾ?"