ಗಾಳಿ ಕುಡಿದು ಬದುಕುವ ಗಾಡಿ

ಬ್ಯಾಸಿಗ್ಯಾಗ ಮೋಟರ್ ಸೈಕಲ್ ಹತ್ತಿ ಗೋಕಾಕ ಬಿಟ್ಟರೆ ಸಾಕು, ದಾರಿಯಲ್ಲಿ ಯಾರಾದರೂ ನೀರು ಹಿಡಕೊಂಡು ಓಡಿ ಬರುತ್ತಾರೆ. ನನಗಲ್ಲ, ಗಾಡಿಗೆ.

ನನ್ನ ಕೆಲಸ ಬಾವಿಯ ಪಂಪಿನ ಎಂಜಿನ್ ದುರಸ್ತಿ. ಆ ಎಂಜಿನ್ನಿನ ಮೈಯೊಳಗೆ ನೀರು ಹರಿದು ಅದನ್ನು ತಂಪು ಇಡುತ್ತದೆ. ನಮ್ಮ ಕಡೆಯ ರೈತರು ಕಂಡ ಎಂಜಿನ್ ಅದೊಂದೇ. ನನ್ನ ಗಾಡಿ ಬೇರೆ. ಸ್ವಾತಂತ್ರ್ಯ ಬಂದ ಮೇಲೆ ಮಿಲಿಟ್ರಿಯವರು ಹರಾಜು ಹಾಕಿದ್ದು. ಅದಕ್ಕೆ ನೀರಿಲ್ಲ. ಎಂಜಿನ್ನಿನ ಸುತ್ತ ಪದರು ಪದರಾಗಿ ಕಬ್ಬಿಣದ ರೆಕ್ಕೆ. ಓಡುವಾಗ ಗಾಳಿ ಬಡಿದು ತಂಪಾಗಬೇಕು. ಬಿಸಿಲಿಗೆ ಅದೂ ಸಾಲದು. ಆಗಾಗ ನೆರಳಿಗೆ ನಿಲ್ಲಿಸಬೇಕು. ಕಾದ ಕಬ್ಬಿಣದ ಮೇಲೆ ತಣ್ಣೀರು ಬಿತ್ತೋ, ಬಿರುಕು. "ಇದು ಒಡದರ ಇನ್ನೊಂದು ಸಿಗೂದಿಲ್ಲ" ಅಂತ ಕೊಲ್ಹಾಪುರದ ಮಿಸ್ತ್ರಿ ಹೇಳಿದ್ದ. ಗಾಡಿ ಹೋದರೆ ನಮ್ಮ ಅನ್ನವೂ ಹೋಯಿತು.

ನಮಗೆ ಮಕ್ಕಳಿಲ್ಲ. ನನ್ನಾಕಿ ಹತಾರದ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುತ್ತಿದ್ದಳು. ದಾರಿಯಲ್ಲಿ ನಡೆದ ಸಂಗತಿಗಳನ್ನು ಮಂದಿಗೆ ಹೇಳಿ ನಗಿಸುತ್ತಿದ್ದವಳೂ ಆಕೆಯೇ. ಹೋದ ವರ್ಷ ತೀರಿಕೊಂಡಳು. ನನಗೆ ಹೇಳಲು ಬರುವುದಿಲ್ಲ. ಸಾಲಿ ಕಲಿತದ್ದೂ ಕಡಿಮೆ. ಬರೆದು ನೋಡುತ್ತೇನೆ.

ಉಪವಾಸ

ಮೂಡಲಗಿ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದೆ. ಬಾಜೂ ಹೊಲದ ಮುದುಕ ಕೊಡ ಹೊತ್ತು ಬಂದ.

"ಸರೀರಿ, ಪಾಪ ಸುಡಾಕತ್ತೈತಿ."

"ಬ್ಯಾಡ ಕಾಕಾ. ಇದಕ್ಕ ನೀರ ಬೇಕಿಲ್ಲ, ಗಾಳಿ ಸಾಕು."

"ಬರೇ ಗಾಳಿ?"

"ಬರೇ ಗಾಳಿ."

ಮುದುಕ ಕೊಡ ಇಳಿಸಿದ. ಗಾಡಿಯ ಸುತ್ತ ಒಂದು ಸಲ ಬಂದ. ತಲೆಯ ರುಮಾಲು ತೆಗೆದು ಕೈಮುಗಿದ. "ನಮ್ಮ ಮಠದ ಅಜ್ಜಾರು ದೊಡ್ಡ ತಪಸ್ಸಿನವರು," ಅಂದ. "ಅವರಿಗೂ ಸಂಜೀಕ ಹಾಲು ಬೇಕು."

ಗಡಿಯಾರ

ಕಾದ ಎಂಜಿನ್ ಆರುವಾಗ ಟಿಕ್ ಟಿಕ್ ಅನ್ನುತ್ತದೆ. ಘೋಡಗೇರಿಯಲ್ಲಿ ಒಬ್ಬ ದನಗಾಹಿ ದೂರದಿಂದಲೇ ಕಿವಿಗೊಟ್ಟು ಕೇಳಿದ. ಆಮೇಲೆ ನನ್ನಾಕಿಯ ಕಡೆ ತಿರುಗಿದ.

"ಒಳಗ ಗಡಿಯಾರ ಐತೇನ್ರಿ ಅಕ್ಕಾರ?"

"ಐತಿ."

"ಟೈಮ್ ಎಷ್ಟಾತ್ರಿ?"

"ಅದು ನಿಂತಾಗ ನಾವು ಹೊರಡೂ ಟೈಮ್," ಅಂದಳು.

ಬೀಸಣಿಕೆ

ಮೂಡಲಗಿಯ ಒಂದು ತೋಟಕ್ಕೆ ಪಂಪು ನೋಡಲು ಹೋಗಿದ್ದೆವು. ಗಾಡಿ ನಿಲ್ಲಿಸಿದ್ದೇ ತಡ, ಮನೆಯ ಯಜಮಾನ ನೀರು ತರಿಸಿದ. ನಾನು ಬೇಡ, ಗಾಳಿ ಸಾಕು ಅಂದೆ. ಅನ್ನಬಾರದಿತ್ತು. ಒಳಗೆ ಹೋಗಿ ಏನು ಹೇಳಿದನೋ, ಮನೆಯ ಹೆಣ್ಣುಮಕ್ಕಳೆಲ್ಲ ಮೊರ ಹಿಡಕೊಂಡು ಬಂದರು. ರಾಶಿ ತೂರುವ ಹಾಗೆ ಸಾಲಾಗಿ ನಿಂತು ಬೀಸತೊಡಗಿದರು. ಬೆವರು ಸುರಿದರೂ ಬಿಡಲಿಲ್ಲ. ನಾನು ಬೆರಗಾಗಿ ನೋಡುತ್ತ ನಿಂತೆ. ಅಂಥ ಗಾಳಿ ಆ ಗಾಡಿ ಓಡುವಾಗಲೂ ಕಂಡಿರಲಿಲ್ಲ.

ಪಡಸಾಲೆಯಲ್ಲಿ ಆ ಮನೆಯ ಅಳಿಯ ಕೂತಿದ್ದ. ಅಂಗಿ ಮೈಗೆ ಅಂಟಿತ್ತು. ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ನಿಮ್ಮ ಗಾಡಿಗೆ ಬಾಜೂಕ ನಾನೂ ಸ್ವಲ್ಪ ಕುಂದರಲೇನ್ರಿ?"

ಅರವಟಿಗೆ

ಹುಕ್ಕೇರಿಯ ಹಾದಿಯಲ್ಲಿ ಒಬ್ಬ ಹಿರಿಯ ಬ್ಯಾಸಿಗಿ ಪೂರ್ತಿ ಅರವಟಿಗೆ ನಡೆಸುತ್ತಿದ್ದ. ಹೋಗಿ ಬರುವವರಿಗೆಲ್ಲ ನೀರು. ಅವನದೊಂದು ನೇಮ ಇತ್ತು. ಬಾಯಾರಿದವರಿಗೆ ಎತ್ತಿದ ಚರಗಿ ಹಾಗೇ ಇಳಿಸುವುದಿಲ್ಲ, ಒಡ್ಡಿದ ಬೊಗಸೆ ತೆಗೆಯುವ ತನಕ ಹುಯ್ಯುವುದು ನಿಲ್ಲಿಸುವುದಿಲ್ಲ.

ಆ ದಿನ ಗಾಡಿ ಎಂದಿಗಿಂತ ಹೆಚ್ಚು ಕಾದಿತ್ತು. ಅಲ್ಲೇ ಪಕ್ಕಕ್ಕೆ ಹಚ್ಚಿದೆ. ನಾನು ಇಳಿಯುವುದರೊಳಗೆ ಹಿರಿಯ ಚರಗಿ ತುಂಬಿಕೊಂಡು ಬಂದು ಎಂಜಿನ್ನಿನ ಮೇಲೆ ಎತ್ತಿದ.

"ಬ್ಯಾಡ್ರಿ, ಒಡೀತೈತಿ," ಅಂದೆ.

"ಬಾಯಾರಿದ್ದಕ್ಕ ನೀರ ಇಲ್ಲ ಅಂತ ನಾ ಅಂದಿಲ್ಲ. ಎತ್ತೇನಿ, ಇನ್ನ ಇಳಸೂದಿಲ್ಲ," ಅಂದ. ಚರಗಿ ಬಾಗಿತು.

ನನ್ನಾಕಿ ಚೀಲ ಕೆಳಗೆ ಒಗೆದು ನಡುವೆ ಬಂದಳು. ಬಗ್ಗಿ ಬೊಗಸೆ ಒಡ್ಡಿದಳು. ನೀರು ಬೊಗಸೆಗೆ ಬಿತ್ತು, ಕುಡಿದಳು. ಹಾಗೇ ಕುಡಿಯುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಹಿರಿಯನೂ ಹುಯ್ಯುತ್ತ ಅವಳ ಹಿಂದೆ ಹೋದ. ಗಾಡಿಯಿಂದ ದೂರ, ಅರವಟಿಗೆಯ ಗುಡಿಸಲ ಬಾಗಿಲ ತನಕ. ಅಲ್ಲಿ ನೀರಿನ ಹರವಿ ಇತ್ತು. ಅವನು ಚರಗಿ ಮತ್ತೆ ತುಂಬಿದ, ಇವಳು ಬೊಗಸೆ ತೆಗೆಯಲಿಲ್ಲ. ತೆಗೆದರೆ ಅವನು ಗಾಡಿಗೆ ಹೋಗುತ್ತಾನೆ ಅಂತ ಅವಳಿಗೆ ಗೊತ್ತು. ಚರಗಿ ಮೇಲೆ ಚರಗಿ. ಒಬ್ಬರ ಹೊಟ್ಟೆಯಲ್ಲಿ ಅಷ್ಟು ಜಾಗ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಎಂಜಿನ್ ಟಿಕ್ ಟಿಕ್ ಅಂದು, ನಿಧಾನ ಆಗಿ, ಸುಮ್ಮನಾಯಿತು. ಆಗ ತಲೆ ಎತ್ತಿದಳು. ನಾನು ಕಿಕ್ ಹೊಡೆದೆ, ಒಂದೇ ಒದೆತಕ್ಕೆ ಗಾಡಿ ಶುರು ಆಯಿತು.

ಹಿರಿಯ ಗೆದ್ದವರ ಹಾಗೆ ನನ್ನ ಕಡೆ ನೋಡಿದ. "ನೀರ ಬ್ಯಾಡ ಅಂದ್ರಿ. ಈಗ ನೋಡ್ರಿ, ಆಕಿ ಕುಡದಳು, ಇದು ತಣ್ಣಗಾತು."

ಈ ಬ್ಯಾಸಿಗ್ಯಾಗ ಅದೇ ಹಾದಿಗೆ ಒಬ್ಬನೇ ಹೋದೆ. ಹಿರಿಯನಿಗೆ ಆಕೆ ತೀರಿದ ಸುದ್ದಿ ಮುಟ್ಟಿತ್ತು. ಚರಗಿ ತುಂಬಿ ಗಾಡಿಯ ಕಡೆ ನೋಡಿದ, ನನ್ನ ಕಡೆ ನೋಡಿದ.

"ಇನ್ನ ಇದರ ನೀರ ಯಾರ ಕುಡೀತಾರ್ರಿ?"

ನಾನು ಬಗ್ಗಿ ಬೊಗಸೆ ಒಡ್ಡಿದೆ. ಎರಡನೇ ಚರಗಿಗೇ ಸಾಕಾಯಿತು.

"ನಿಮ್ಮ ಕೈಲೆ ಆಗೂದಿಲ್ಲ," ಅಂದ ಹಿರಿಯ. "ಅರ್ಧಾ ಅಷ್ಟ ತಂಪಾಗಿರತೈತಿ."

ಹೋಗಿ ಎಂಜಿನ್ ಮುಟ್ಟಿ ನೋಡಿದೆ. ಖರೆ, ಇನ್ನೂ ಸುಡುತ್ತಿತ್ತು.