ನಾಳೆಗೆ ಮುಂದುವರಿದ ಗೋಡೆ

‘ಅಸಾನ್‌ಕುಲನ ಮನೆ ಗೋಡೆಗಳಿಗೆ ಬಾಯಿ ಇದ್ದಿದ್ದರೆ, ಅಯ್ಯೋ, ಕೆಲಸ ಬಲ್ಲವರನ್ನು ಕರೆಯಿರಪ್ಪಾ ಅಂತ ಕೂಗಿಕೊಳ್ಳುತ್ತಿದ್ದವು’ ಎಂದು ಕರಾಕೋಲ್ ಊರಿನ ಅವನ ಬೀದಿಯವರು ಆಡಿಕೊಳ್ಳುತ್ತಿದ್ದರು. ಅವನು ಕೂರಿಸಿದ ನಲ್ಲಿ ಸೋರುತ್ತಿತ್ತು. ಅವನು ಹೊಡೆದ ಮೊಳೆಗೆ ನೇತುಹಾಕಿದ್ದ ಮಾವನ ಪಟ ಸಾರಿನ ಪಾತ್ರೆಗೇ ಬಿದ್ದಿತ್ತು. (ಮಾವ ಬದುಕಿದ್ದಾಗಲೂ ಸರಿಯಾಗಿ ಊಟದ ಹೊತ್ತಿಗೇ ಬರುತ್ತಿದ್ದ, ಅದು ಬೇರೆ ಮಾತು.)

ಭಾನುವಾರ ಸಂಜೆ ಬೀಗರು ಬಂದು ಮಗಳು ನುರ್ಜಮಾಲಳ ಕಿವಿಗೆ ಓಲೆ ತೊಡಿಸಿ ಸಂಬಂಧ ಗಟ್ಟಿ ಮಾಡುವವರಿದ್ದರು. ನಡುಮನೆಯ ಗೋಡೆಗೆ ಅಂಟಿಸಿದ್ದ ಹೂವಿನ ಕಾಗದ ಮಾತ್ರ ಜೋತುಬಿದ್ದಿತ್ತು.

“ಕೂಲಿಯವನಿಗೆ ಹೇಳ್ರೀ,” ಎಂದಳು ಹೆಂಡತಿ ಕಲಿಚಾ.

“ಹಳೇದು ಕಿತ್ತು ಹೊಸದು ಅಂಟಿಸೋಕೆ ಕೂಲಿಯವನಾ? ದಂಡ ಕಣೇ! ಬೆಳಿಗ್ಗೆ ಶುರು, ಮಧ್ಯಾಹ್ನಕ್ಕೆ ಮುಗೀತು.”

ಭಾನುವಾರ ಬೆಳಿಗ್ಗೆ ಅಂಟಿಗೆ ಹಿಟ್ಟು ತರಲು ಹೊರಟ. ಕುಂಚ ತರಲು ಹೊರಟ. ಕಾಣೆಯಾದ ಚಾಕುವಿಗೆ ಬದಲಿ ಚಾಕು ತರಲು ಹೊರಟ. ಪ್ರತಿ ಸಲವೂ ಹೊಸ್ತಿಲಲ್ಲಿ ನಿಂತು “ಇದೇ ಕೊನೇ ಸಲ” ಎಂದು ಘೋಷಿಸಿದ. ಅಂತೂ ಬಿಸಿನೀರು ಬಳಿದು ಕಾಗದ ಎಳೆದರೆ, ಅದರಡಿಯಲ್ಲಿ ಹಿಂದಿನವರು ಮೆತ್ತಿದ್ದ ಹಳೆಯ ಪತ್ರಿಕೆಗಳು! ಅವುಗಳಲ್ಲೊಂದು ಧಾರಾವಾಹಿ. ಮದುವೆಯ ಹಿಂದಿನ ದಿನ ಗಂಡಿನ ಕಡೆಯವರು ತಂದ ಬಿಳಿ ಕುದುರೆ ಮಾಯ. ಕದ್ದವನು ಗಿರಣಿಯವನೋ, ಕಿವುಡ ಚಿಕ್ಕಪ್ಪನೋ? ‘ನಾಳೆಗೆ ಮುಂದುವರಿಯುವುದು.’

ನಾಳೆ ಬೀರುವಿನ ಹಿಂದಿತ್ತು. ನಾಡಿದ್ದು ಚಾವಣಿಯ ಹತ್ತಿರವಿತ್ತು.

ಬೀಗರು ಬಾಗಿಲು ತಟ್ಟಿದಾಗ ಅಸಾನ್‌ಕುಲ ಏಣಿಯ ಮೇಲೆ ಕತ್ತು ಓರೆ ಮಾಡಿಕೊಂಡು ಓದುತ್ತಿದ್ದ. ಹೊಸ ಕಾಗದದ ಸುರುಳಿ ಕಟ್ಟಿದಂತೆಯೇ ಇತ್ತು. ಕಲಿಚಾಳ ಮುಖ ಸುಣ್ಣವಾಯಿತು. ಬೀಗಿತ್ತಿ ಓಲೆಯ ಡಬ್ಬಿಯನ್ನು ಮತ್ತೆ ಚೀಲಕ್ಕಿಳಿಸಿದಳು.

ಬೀಗ ತೋಕ್ತಸೂನ್ ಮಾತ್ರ ಗೋಡೆಗೆ ಮೂಗು ತಾಗಿಸಿ ನಿಂತುಬಿಟ್ಟ. “ಬಿಳಿ ಕುದುರೆ! ಹುಡುಗನಾಗಿದ್ದಾಗ ಓದ್ತಿದ್ದೆ. ನಮ್ಮಪ್ಪ ಆಮೇಲಿನ ಕಂತುಗಳಲ್ಲೆಲ್ಲ ಹೊಗೆಸೊಪ್ಪು ಸುತ್ತಿ ಸೇದಿಬಿಟ್ಟ! ಕೊಡಿ ಬೀಗರೇ, ಚಾಕು ಕೊಡಿ.”

ಕೋಟು ಕಳಚಿ ಬಿತ್ತು. ಚಹಾ ಆರಿತು. ಇಬ್ಬರೂ ಕಿಟಕಿಯ ಕೆಳಗಿನ ಕೊನೆಯ ಕಂತಿಗೆ ಬಂದರು. ಯಾವನೋ ಮಹಾನುಭಾವ ಅದನ್ನು ಮುಖ ಒಳಗೆ ಮಾಡಿ ಅಂಟಿಸಿದ್ದ. ನೀರು ಹಾಕಿ ಎಳೆದರೆ ಕಳ್ಳ, ಕುದುರೆ ಎಲ್ಲ ಸೇರಿ ಅಂಬಲಿ.

ಇಬ್ಬರೂ ನೆಲಕ್ಕೆ ಕುಸಿದರು. ಬೀಗಿತ್ತಿ ಎರಡು ಮುಖಗಳನ್ನೂ ನೋಡಿದಳು. ಡಬ್ಬಿ ಮತ್ತೆ ಹೊರಬಂತು.

“ಬಾಮ್ಮ ನುರ್ಜಮಾಲ್, ಕಿವಿ ಕೊಡು. ಇಂಥ ಇಬ್ಬರನ್ನ ಒಂದೇ ಕಡೆ ಕಟ್ಟಿ ಹಾಕೋದೇ ಊರಿಗೆ ಕ್ಷೇಮ.” ಓಲೆ ತೊಡಿಸಿ ಅಸಾನ್‌ಕುಲನ ಕಡೆ ತಿರುಗಿದಳು. “ಬೀಗರೇ, ನಮ್ಮ ಮನೆ ಗೋಡೆಗಳಲ್ಲೂ ಆ ಕಾಲದ ಪತ್ರಿಕೆಗಳೇ ಇರೋದು. ಬಂದು ಹುಡುಕಿ. ಆದ್ರೆ ಕಿತ್ತ ಕೋಣೆಗೆಲ್ಲ ಹೊಸ ಕಾಗದ ನೀವೇ ಅಂಟಿಸ್ಬೇಕು. ಕೂಲಿಯವರನ್ನ ಕರೆಯೋದು ದಂಡ ಅಂತೀರಂತಲ್ಲ!”

“ಇಲ್ಲಿಗೆ ನಾನು ಕೂಲಿಯವನನ್ನ ಕರೆಸ್ತೀನಿ,” ಎಂದಳು ಕಲಿಚಾ ತಣ್ಣಗೆ.

ಅಸಾನ್‌ಕುಲ ಬಕೆಟ್ಟು ಕುಂಚ ಎತ್ತಿಕೊಂಡ. ಹೊಸ್ತಿಲಲ್ಲಿ ಅಭ್ಯಾಸಬಲದಿಂದ “ಇದೇ ಕೊನೇ ಸಲ” ಎಂದು ಗೊಣಗಿ, ಬೀಗನ ಹಿಂದೆ ಮೆಟ್ಟಿಲಿಳಿದ.

“ರೀ!” ಕಲಿಚಾ ಮೇಲಿನಿಂದ ಕೂಗಿದಳು. “ಕಳ್ಳ ಯಾರೂಂತ ಗೊತ್ತಾದ ತಕ್ಷಣ ಫೋನ್ ಮಾಡ್ರೀ. ನಂಗೇನೋ ಆ ಕಿವುಡನ ಮೇಲೇ ಅನುಮಾನ!”