ಕಣಜಕ್ಕೊಂದು ಸ್ಪ್ರೆಡರ್

ಈ ವರ್ಷ ನಮ್ಮ ಕಣಜದೊಳಗೆ ಭತ್ತ ಕೆರೆಯ ನೀರಿನ ಹಾಗೆ ಸಮತಟ್ಟಾಗಿ ನಿಲ್ಲಬೇಕು, ನಿಲ್ಲದಿದ್ದರೆ ನನ್ನ ಹೆಸರು ರಾಮಪ್ರಸಾದನೇ ಅಲ್ಲ ಎಂದು ಊಟದ ಬಟ್ಟಲಿನ ಮುಂದೆ ಕುಳಿತು ಪ್ರತಿಜ್ಞೆ ಮಾಡಿದೆ. ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂಮಳೆ ಸುರಿಸಿದರಂತೆ. ನನ್ನದನ್ನು ಕೇಳಲು ದೇವಕಿ ಒಬ್ಬಳೇ ಇದ್ದಳು. ಅವಳು ಸಾರು ಬಡಿಸಿದಳು.

"ಹೆಸರು ಬದಲಾಯಿಸಿದ್ರೆ ಆಧಾರ್ ಕಾರ್ಡಿಗೆ ನೀವೇ ಕಡಬಕ್ಕೆ ಹೋಗ್ಬೇಕು. ನನ್ನನ್ನು ಕರೀಬೇಡಿ," ಎಂದಳು.

ನನ್ನ ಹೆಂಡತಿಗೆ ಘನವಾದ ಮಾತುಗಳ ಮೇಲೆ ಗೌರವ ಕಡಿಮೆ. ಇರಲಿ. ವಿಷಯ ಗಂಭೀರವಾದದ್ದು. ರಾಮಕುಂಜದಲ್ಲಿ ಬಹುಕಾಲ ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ನಮ್ಮ ಗದ್ದೆಯನ್ನು ಎರಡು ವರ್ಷದ ಹಿಂದೆ ಉಳುಮೆ ಮಾಡಿಸಿ, ಬೆಳೆಸಿ, ಎಂ.ಓ. ನಾಲ್ಕು ಎಂಬ ಕೆಂಪು ಭತ್ತವನ್ನು ತೆಗೆದ ಕೃಷಿಕ ನಾನು. ಅದಕ್ಕೆ ಮೊದಲು ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಗೋಣಿಗೆ ತುಂಬಿ, ರೇಟು ಬರುವ ತನಕ ಸುಮ್ಮನೆ ಕುಳಿತುಕೊಳ್ಳುವುದೊಂದೇ ನನಗೆ ಗೊತ್ತಿದ್ದ ಬೇಸಾಯ. ಭತ್ತ ಬಂದ ಸಂಭ್ರಮದಲ್ಲಿ ತಗಡಿನ ಕಣಜವೊಂದನ್ನು ತರಿಸಿ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ನಿಲ್ಲಿಸಿದೆ. ಆದರೆ ಮೇಲಿನ ಬಾಯಿಯಿಂದ ಭತ್ತ ಸುರಿದರೆ ಅದು ನಡುವಿನಲ್ಲೇ ಗುಡ್ಡೆಯಾಗುತ್ತದೆ. ಗುಡ್ಡೆಯ ತುದಿ ಮುಚ್ಚಳಕ್ಕೆ ತಾಗುವಾಗ ಬದಿಯೆಲ್ಲ ಖಾಲಿ. ಧೂಳು, ಜೊಳ್ಳು ಎಲ್ಲವೂ ನಡುವಿನಲ್ಲಿ ಸೇರಿ, ಬಿಸಿಯಾಗಿ, ಕಳೆದ ವರ್ಷ ಅಷ್ಟೂ ಭತ್ತ ಮುಗ್ಗಲು ವಾಸನೆ ಹೊಡೆದಿತ್ತು. ಇದಕ್ಕೆ ಪರಿಹಾರವೆಂದರೆ ಕಣಜದ ಬಾಯಿಗೆ ನೇತುಹಾಕುವ ಸ್ಪ್ರೆಡರ್. ಬಿದ್ದ ಭತ್ತವನ್ನು ಅದು ತಿರುಗಿ ತಿರುಗಿ ಎಲ್ಲ ಕಡೆಗೂ ಸಮನಾಗಿ ಎರಚುತ್ತದೆ.

"ಒಂದು ಬಿದಿರಿನ ಗಳು ತಗೊಂಡು ಆಚೆ ಈಚೆ ಎಳೆದ್ರೆ ಸಮ ಆಗ್ತದಲ್ಲ?" ಎಂದಳು ದೇವಕಿ.

"ಗಳುವಿನ ಕಾಲ ಹೋಯ್ತು ಮಾರಾಯ್ತಿ."

"ಗಳು ಹಿತ್ತಿಲಲ್ಲೇ ಉಂಟು."

ನಾನು ಕೈ ತೊಳೆಯಲು ಎದ್ದೆ. ದೊಡ್ಡ ಕೆಲಸಕ್ಕೆ ಹೊರಟವರು ಸಣ್ಣ ಮಾತಿಗೆ ನಿಲ್ಲಬಾರದು.

ಸ್ಪ್ರೆಡರಿನ ಆಯ್ಕೆ ನಮ್ಮ ಮನೆಯಲ್ಲಿ ಹುಡುಗ ನೋಡುವ ಶಾಸ್ತ್ರದ ಹಾಗೆ ನಡೆಯಿತು. ಮೊಬೈಲಿನಲ್ಲಿ ನಾನು ನೋಡದ ವಿಡಿಯೋ ಇಲ್ಲ. ಮೋಟಾರು ಇಲ್ಲದೆ ಭತ್ತದ ಭಾರಕ್ಕೇ ತಿರುಗುವ ಬಡಪಾಯಿ ಒಂದು. ಮೋಟಾರಿನ ರೆಕ್ಕೆ ಬೀಸುವ ಶ್ರೀಮಂತ ಇನ್ನೊಂದು. ಪುತ್ತೂರಿನಲ್ಲಿ ಕೃಷಿ ಯಂತ್ರದ ಅಂಗಡಿ ಇಟ್ಟಿರುವ ಪ್ರಸನ್ನ ಕೇಳಿದ, "ಕಣಜ ಎಷ್ಟು ದೊಡ್ಡದು ಅಣ್ಣ?"

ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ನನಗೆ ಸಣ್ಣ ಲೆಕ್ಕ ಹೇಳಲು ನಾಚಿಕೆಯಾಯಿತು. "ಈಗ ಸ್ವಲ್ಪ ಸಣ್ಣದು. ಬರುವ ವರ್ಷ ದೊಡ್ಡದು ಮಾಡುದು," ಎಂದೆ.

"ಹಾಗಾದ್ರೆ ದೊಡ್ಡ ಕಣಜದ್ದೇ, ಮೋಟಾರಿನದ್ದು ಕೊಂಡೋಗಿ."

ಕೊಂಡುಹೋದೆ. ನಮ್ಮ ಕಣಜಕ್ಕೆ ಅದು ಎಷ್ಟು ದೊಡ್ಡದೆಂದರೆ, ಕೂಸಿನ ತಲೆಗೆ ಅಜ್ಜನ ಮುಂಡಾಸು ಇಟ್ಟ ಹಾಗಿತ್ತು. ಆ ಸಂತೋಷದಲ್ಲಿ ದೇವಕಿಯೂ ಇರುವ ನಮ್ಮ ಕೃಷಿಕರ ವಾಟ್ಸಾಪ್ ಗುಂಪಿಗೆ ಕರೆಯೋಲೆ ಕಳಿಸಿದೆ: ಆದಿತ್ಯವಾರ ನಮ್ಮ ಮನೆಯಲ್ಲಿ ಸ್ಪ್ರೆಡರ್ ಪ್ರಾತ್ಯಕ್ಷಿಕೆ, ಚಾ ತಿಂಡಿ ಉಂಟು, ಎಲ್ಲರೂ ಬನ್ನಿ. ದೇವಕಿಗೆ ಅದೇ ದಿನ ಈಶ್ವರಮಂಗಲದ ತವರಿನಲ್ಲಿ ಪೂಜೆ. ತಿಂಡಿ ಮಾಡಿಟ್ಟು ಬೆಳಗಿನ ಬಸ್ಸಿಗೆ ಹೋದಳು.

ಜನ ಬರುವ ಮೊದಲು ಒಮ್ಮೆ ಪರೀಕ್ಷೆ ಮಾಡೋಣವೆಂದು ನಾನು ಏಣಿ ಹತ್ತಿ ನಮ್ಮ ಭತ್ತವನ್ನೆಲ್ಲ ಬುಟ್ಟಿ ಬುಟ್ಟಿಯಾಗಿ ಸುರಿದೆ. ಸ್ಪ್ರೆಡರ್ ಭತ್ತವನ್ನು ತಗಡಿಗೆ ರಪರಪ ಹೊಡೆಯಿತು. ನಿಲ್ಲಿಸಿ ಇಣುಕಿದರೆ ಭತ್ತವೆಲ್ಲ ಸುತ್ತಲೂ ಗೋಡೆಗೆ ಆತು ನಿಂತು, ನಡುವಿನಲ್ಲಿ ಬಾವಿ ತೋಡಿದ ಹಾಗೆ ಹೊಂಡ. ಕಳೆದ ವರ್ಷ ಗುಡ್ಡೆ, ಈ ವರ್ಷ ಗುಂಡಿ. ಪ್ರಸನ್ನನಿಗೆ ಫೋನು ಮಾಡಿದೆ.

"ಭತ್ತ ಕಮ್ಮಿ ಆಯ್ತು ಅಣ್ಣ. ಅದು ದೊಡ್ಡ ಕಣಜದ್ದಲ್ಲ? ಗೋಣಿಯಿಂದ ದಪ್ಪ ಧಾರೆಯಾಗಿ ಸುರೀಬೇಕು. ಆಗ ಸಮ ಬೀಳ್ತದೆ. ಇನ್ನು ಸ್ವಲ್ಪ ಭತ್ತ ಇಲ್ವಾ?"

ಇತ್ತು. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ, ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಪುಟ್ಟ ಪುಟ್ಟ ಮುಡಿಗಳಲ್ಲಿ. ಅದು ದೇವಕಿಯ ಗಂಧಸಾಲೆ.

ಆ ಭತ್ತದ ಸಂಗತಿ ಹೇಳಬೇಕು. ಮದುವೆಯಾಗಿ ಬರುವಾಗ ಅವಳ ಅಮ್ಮ ಅವಳ ಸೆರಗಿಗೆ ಒಂದು ಸೇರು ಬಿತ್ತನೆ ಭತ್ತ ಹಾಕಿ ಕಳಿಸಿದ್ದರು. ಅಂದಿನಿಂದ ದೇವಕಿ ಬಾವಿಯ ಬದಿಯ ಚೂರು ಗದ್ದೆಯಲ್ಲಿ ಪ್ರತಿವರ್ಷ ಅದನ್ನು ಬೆಳೆದು, ಬಿತ್ತು ತೆಗೆದು, ತಾನೇ ಮುಡಿ ಕಟ್ಟಿ ಇಡುತ್ತಾಳೆ. ಹೂ ಬಿಡುವಾಗ ಅಡಿಗೆಮನೆಯ ತನಕ ಪರಿಮಳ. ಈಗ ತವರಿನಲ್ಲಿ ಆ ಬಿತ್ತು ಇಲ್ಲ. ಅವಳ ಅಣ್ಣ ಆ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟಿದ್ದಾನೆ. ಕಳೆದ ವರ್ಷ ಅಮ್ಮನೂ ತೀರಿಕೊಂಡರು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಲೆಕ್ಕ ಹಾಕಿದೆ: ನನ್ನದು ಅಡಿಯಲ್ಲಿ ಉಂಟು, ಅವಳದ್ದು ಮೇಲಿನ ಪದರ. ಎಲ್ಲರೂ ನೋಡಿ ಹೋದ ಮೇಲೆ ಮೆಲ್ಲನೆ ಗೋರಿ ತೆಗೆದರಾಯಿತು, ಭತ್ತಕ್ಕೇನು ಗಾಯವಾಗುತ್ತದೆಯೇ? ಮುಡಿಗಳನ್ನು ಕಣಜದ ಬಳಿಗೆ ತಂದು, ಬಿಚ್ಚಿ ಗೋಣಿಗೆ ತುಂಬಿದೆ. ಕಟ್ಟಲು ಒಂದು ದಿನ ಹಿಡಿಯುವ ಮುಡಿ ಬಿಚ್ಚುವಾಗ ಎಷ್ಟು ಸಲೀಸು ಎಂದು ಆಶ್ಚರ್ಯವೂ ಆಯಿತು.

ಪ್ರಾತ್ಯಕ್ಷಿಕೆ ಅಮೋಘವಾಗಿ ನಡೆಯಿತು. ಗುತ್ತಿಗಾರಿನಿಂದ ನನ್ನ ಹಳೆಯ ಗೆಳೆಯ ಮೇದಪ್ಪ ಬಂದಿದ್ದ, ಊರಿನ ಹತ್ತಾರು ಕೃಷಿಕರೂ ಬಂದಿದ್ದರು. ಗಂಧಸಾಲೆ ದಪ್ಪ ಧಾರೆಯಾಗಿ ಬಿತ್ತು, ಸ್ಪ್ರೆಡರ್ ಬೀಸಿತು, ಗುಂಡಿ ಮುಚ್ಚಿ ಭತ್ತ ಹಾಸಿದ ಹಾಸಿಗೆಯಂತೆ ಮಲಗಿತು. ಒಬ್ಬೊಬ್ಬರೇ ಏಣಿ ಹತ್ತಿ ಇಣುಕಿ ತಲೆದೂಗಿದರು. ನನ್ನ ಎದೆ ಕಣಜಕ್ಕಿಂತ ದೊಡ್ಡದಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆಗ ಕೋಡಿಂಬಾಳದ ಆಂಟಣಿಯ ಜೀಪು ಅಂಗಳಕ್ಕೆ ಬಂತು. ಆಂಟಣಿ ರಬ್ಬರ್ ಕೃಷಿಕ, ನಮಗೆ ಬಹಳ ಬೇಕಾದವ.

"ಕಡಬದಲ್ಲಿ ರಬ್ಬರ್ ಶೀಟ್ ಕೊಟ್ಟು ಬರುವಾಗ ತಡ ಆಯ್ತು ಮಾರಾಯ್ರೆ. ಮುಗೀತಾ? ಇನ್ನೊಂದು ಸಲ ಮಾಡ್ಲಿಕ್ಕೆ ಆಗುದಿಲ್ವಾ?"

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಇನ್ನೊಮ್ಮೆ ಹಾಡಿ ಎಂದರೆ ಯಾವ ಭಾಗವತರು ಇಲ್ಲವೆಂದಾರು? ನಾಲ್ಕು ಜನ ಸೇರಿ ಕಣಜದ ಕೆಳಗಿನ ಬಾಗಿಲು ತೆಗೆದರು, ಭತ್ತವನ್ನೆಲ್ಲ ಗೋಣಿಗೆ ಇಳಿಸಿದರು, ಮತ್ತೆ ಮೇಲಿನಿಂದ ಸುರಿದರು. ಸ್ಪ್ರೆಡರ್ ತನ್ನ ಧರ್ಮವನ್ನು ಪಾಲಿಸಿತು. ಯಾವುದನ್ನೂ ಗುಡ್ಡೆಯಾಗಲು ಬಿಡದೆ, ಕೆಂಪು ಭತ್ತ, ಗಂಧಸಾಲೆ ಎಂಬ ಭೇದವೆಣಿಸದೆ, ಎಲ್ಲವನ್ನೂ ಸಮವಾಗಿ ಎರಚಿತು. ಆಂಟಣಿ ಕಣಜದ ಒಳಗಿನದೊಂದು, ಏಣಿಯ ಮೇಲೆ ನಿಂತ ನನ್ನದೊಂದು ಫೋಟೋ ತೆಗೆದು ಗುಂಪಿಗೆ ಹಾಕಿದ.

ಮೇದಪ್ಪ ಮಾತ್ರ ಒಂದು ಮುಷ್ಟಿ ಭತ್ತವನ್ನು ಉಜ್ಜಿ ಮೂಗಿನ ಹತ್ತಿರ ಹಿಡಿದು ನಿಂತಿದ್ದ.

"ರಾಮಪ್ರಸಾದಣ್ಣ, ಇದರಲ್ಲಿ ಗಂಧಸಾಲೆ ಉಂಟಲ್ಲ. ದೇವಕಿಯಕ್ಕ ನಮಗೂ ಬಿತ್ತು ಕೊಟ್ಟಿದ್ರು ಹೋದ ವರ್ಷ. ಇದು ಅವರದ್ದಾ?"

"ಸ್ವಲ್ಪ," ಎಂದೆ.

"ಬೇರೆ ಇಟ್ಟಿದ್ದೀರಲ್ಲ, ಬಿತ್ತಿಗೆ?"

ನಾನು ಸ್ಪ್ರೆಡರನ್ನು ನೋಡಿದೆ. ಮೇದಪ್ಪ ನನ್ನನ್ನು ನೋಡಿದ. ಚಾದ ಲೋಟ ಕೆಳಗಿಟ್ಟು, "ನಾನು ಹೊರಡ್ತೇನೆ. ಅಕ್ಕ ಬರುವಾಗ ಇಲ್ಲಿ ಇರುದು ಬೇಡ," ಎಂದ. ಉಳಿದವರಿಗೂ ಒಮ್ಮೆಗೇ ಮನೆಯ ಕೆಲಸ ನೆನಪಾಯಿತು.

ಅಂಗಳ ಖಾಲಿಯಾಗುವಾಗ ಫೋನು ಬಂತು.

"ಫೋಟೋ ನೋಡಿದೆ," ಎಂದಳು ದೇವಕಿ.

"ಹೇಗುಂಟು?"

"ಸಮ ಉಂಟು. ನಿಮ್ಮ ಏಣಿಯ ಬುಡದಲ್ಲಿ ಬೈಹುಲ್ಲಿನ ಹಗ್ಗ ಎಂತಕ್ಕೆ ಬಿದ್ದಿದೆ?"

"ಅದು... ದನಕ್ಕೆ."

"ನಮ್ಮಲ್ಲಿ ದನ ಇಲ್ಲ."

ಫೋನು ಇಟ್ಟಳು. ಅವಳು ಬರುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂದವನ ಹಾಗೆ ಮೊರದಂಥ ಗೆರಸೆಗೆ ಭತ್ತ ಹಾಕಿಕೊಂಡು ಕುಳಿತೆ. ಗಂಧಸಾಲೆಯ ಕಾಳು ಸಣ್ಣದು, ಆದ್ದರಿಂದ ಸಣ್ಣ ಕಾಳೆಲ್ಲ ಗಂಧಸಾಲೆ ಎಂಬುದು ನನ್ನ ಸಿದ್ಧಾಂತ. ಕನ್ನಡಕ ಹಾಕಿ, ಕತ್ತು ಬಗ್ಗಿಸಿ, ಕಾಳು ಕಾಳು ಆರಿಸಿದೆ. ದೇವಕಿ ಬಂದು ಮೆಟ್ಟಿಲ ಮೇಲೆ ನಿಂತಾಗ ಒಂದು ಲೋಟ ತುಂಬಿತ್ತು. ಎರಡೂ ಕೈಯಲ್ಲಿ ಅದನ್ನು ನೀಡಿದೆ. ಅವಳು ಸ್ವಲ್ಪ ಅಂಗೈಗೆ ಸುರಿದು, ಊದಿದಳು. ಅರ್ಧ ಹಾರಿ ಹೋಯಿತು.

"ಇದು ಜೊಳ್ಳು," ಎಂದಳು.

ಬೈದಿದ್ದರೆ ನಾನು ಬದುಕುತ್ತಿದ್ದೆ. ಅವಳು ಬೈಯಲಿಲ್ಲ. ಕಣಜದ ಬುಡದಲ್ಲಿ ಬಿದ್ದಿದ್ದ ಹಗ್ಗವನ್ನು ಸುತ್ತಿ ಎತ್ತಿಕೊಂಡು, ಅಟ್ಟದ ಏಣಿಯ ಹತ್ತಿರ ಹೋಗಿ ನಿಂತಳು.

"ಅಮ್ಮ ಇದ್ದಿದ್ರೆ ಕೇಳಿ ತರ್ತಿದ್ದೆ," ಎಂದಳು. ಅಷ್ಟೇ.

ಮೂವತ್ತು ವರ್ಷ ಅವಳು ಬಿತ್ತಿ ಬೆಳೆದು ಉಳಿಸಿಕೊಂಡದ್ದನ್ನು ನಾನು ಚಪ್ಪಾಳೆಯ ಆಸೆಗೆ ಒಂದು ಬೆಳಗಿನಲ್ಲಿ ಕಳೆದಿದ್ದೆ. ರಾತ್ರಿ ಊಟ ಸೇರಲಿಲ್ಲ.

"ಮೇದಪ್ಪನಿಗೆ ಕೊಟ್ಟಿದ್ದಿಯಲ್ಲ. ಕೇಳಿದ್ರೆ ಕೊಡ್ತಾನೆ," ಎಂದೆ ಮರುದಿನ.

"ಕೊಟ್ಟ ಬಿತ್ತನ್ನು ಕೊಟ್ಟವರೇ ಕೇಳುದುಂಟಾ? ಅಮ್ಮ ಹಾಗೆ ಕಲಿಸ್ಲಿಲ್ಲ."

ಅಷ್ಟರಲ್ಲಿ ಆಂಟಣಿಯ ಫೋನು. ಇನ್ನೊಮ್ಮೆ ಮಾಡಿಸಿದ ಪಾಪ ಅವನನ್ನೂ ಕೊರೆಯುತ್ತಿತ್ತು. "ನಮ್ಮ ತ್ರೇಸ್ಯಾಮ್ಮನ ಹತ್ರ ಸ್ವಲ್ಪ ಉಂಟು ಮಾರಾಯ್ರೆ. ದೇವಕಿಯಕ್ಕ ಕೊಟ್ಟದ್ರದ್ದೇ. ಬನ್ನಿ."

ಸ್ಕೂಟರ್ ಹತ್ತಿ ಕೋಡಿಂಬಾಳಕ್ಕೆ ಓಡಿದೆ. ಆಂಟಣಿಯ ಹೆಂಡತಿ ತ್ರೇಸ್ಯಾಮ್ಮ ಜಗಲಿಯಲ್ಲಿ ಕೂರಿಸಿ, ಚಾ ಕೊಟ್ಟು, ನನ್ನ ಕತೆಯನ್ನು ಪೂರ್ತಿ ಕೇಳಿದಳು.

"ಬಿತ್ತು ಉಂಟು. ಕೊಡ್ತೇನೆ. ನಿಮ್ಮ ಕೈಗೆ ಕೊಡುದಿಲ್ಲ."

"ಯಾಕೆ ತ್ರೇಸ್ಯಾಮ್ಮ?"

"ಯಾರ ಕೈಯಿಂದ ತಗೊಂಡೆನೋ ಅವರ ಕೈಗೇ ಕೊಡುದು. ಮತ್ತೆ, ಫೋಟೋ ನಾನೂ ನೋಡಿದ್ದೇನೆ."

ಗುತ್ತಿಗಾರಿಗೆ ಹೋದೆ. ಮೇದಪ್ಪನದೂ ಅದೇ ಮಾತು. "ನವಿಲು ತಿಂದು ಉಳಿದದ್ದು ಎರಡು ಸೇರು ಉಂಟು ಅಣ್ಣ. ಅಕ್ಕನನ್ನು ಕರ್ಕೊಂಡು ಬನ್ನಿ."

ಇದಕ್ಕಿಂತ ದೊಡ್ಡ ಧರ್ಮಸಂಕಟ ಪುರಾಣದಲ್ಲೂ ಇರಲಿಕ್ಕಿಲ್ಲ. ಅವಳು ಕೇಳುವಂತಿಲ್ಲ, ನನಗೆ ಕೊಡುವವರಿಲ್ಲ. ದಾರಿಯುದ್ದಕ್ಕೂ ಯೋಚಿಸಿ, ಮನೆಗೆ ಬಂದು ದೇವಕಿಯ ಮುಂದೆ ನಿಂತೆ.

"ಕೇಳುದು ನಾನು. ನೀನು ಬಾಯಿ ಬಿಡುದು ಬೇಡ, ಕೈ ನೀಡಿದರೆ ಸಾಕು. ಅದಕ್ಕೆ ನಿನ್ನ ಅಮ್ಮ ಏನಾದ್ರೂ ಹೇಳಿದ್ದಾರಾ?"

ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಕವುಚಿಟ್ಟಳು. ಆಮೇಲೆ, "ಇಲ್ಲ," ಎಂದು ಸೀರೆ ಬದಲಾಯಿಸಲು ಹೋದಳು.

ಮೊದಲು ಗುತ್ತಿಗಾರು. ದೇವಕಿ ಗೇಟಿನ ಬಳಿ ಬಟ್ಟೆಯ ಚೀಲ ಹಿಡಿದು ನಿಂತಳು. ನಾನು ಅಂಗಳಕ್ಕೆ ಹೋಗಿ ಬಿತ್ತು ಬೇಡಿದೆ. ಮೇದಪ್ಪ ಕಣ್ಣಾರೆ ಕಂಡವನು. ಆದರೂ, "ಅಮ್ಮನಿಗೆ ಗೊತ್ತಿಲ್ಲಲ್ಲ, ಸುರುವಿಂದ ಹೇಳಿ," ಎಂದು ತನ್ನ ಮುದಿ ತಾಯಿಯನ್ನು ಕುರ್ಚಿ ಹಾಕಿ ಕೂರಿಸಿದ. ಹೇಳಿದೆ. ದನದ ಮಾತು ಬಂದಾಗ ಆ ಅಜ್ಜಿ ಎಲೆಅಡಿಕೆ ಉಗುಳಿ ಬಂದು, "ಇನ್ನೊಮ್ಮೆ ಹೇಳು," ಎಂದರು. ಇನ್ನೊಮ್ಮೆ ಹೇಳಿದೆ. ಅನಂತರವೇ ಮೇದಪ್ಪ ಗೇಟಿಗೆ ನಡೆದು ದೇವಕಿಯ ಚೀಲಕ್ಕೆ ಭತ್ತ ಸುರಿದ.

ಕೋಡಿಂಬಾಳದಲ್ಲಿ ತ್ರೇಸ್ಯಾಮ್ಮ ದೇವಕಿಯನ್ನು ಗೇಟಿನಲ್ಲಿ ನಿಲ್ಲಲು ಬಿಡಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾನು ಜಗಲಿಯಲ್ಲಿ ಆಂಟಣಿಯ ಜೊತೆ ಕುಳಿತೆ. ಒಳಗೆ ಬಹಳ ಹೊತ್ತು ಮೆಲ್ಲನೆಯ ಮಾತು ನಡೆಯಿತು. ದೇವಕಿ ಹೊರಬಂದಾಗ ಚೀಲ ತುಂಬಿತ್ತು, ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ತಿಳಿಯಾಗಿತ್ತು.

ಮನೆಗೆಂದು ಕಡಬದ ಕಡೆಗೆ ಹೊರಟೆವು. ರಸ್ತೆಯಲ್ಲಿ ಹೊಂಡಗಳು. ದೇವಕಿ ಹಿಂದಿನ ಸೀಟಿನಲ್ಲಿ ಎರಡೂ ಕೈಯಿಂದ ಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡು ಕುಳಿತಿದ್ದಳು. ನನ್ನನ್ನು ಹಿಡಿದುಕೊಂಡಿರಲಿಲ್ಲ. ನನಗೆ ಹೆದರಿಕೆಯಾಯಿತು.

"ಚೀಲ ಇಲ್ಲಿ ಮುಂದೆ ನನ್ನ ಕಾಲಿನ ಹತ್ರ ಇಡು. ನೀನು ನನ್ನನ್ನು ಹಿಡ್ಕೋ. ಬೀಳ್ತಿ," ಎಂದೆ.

"ನಾನು ಬಿದ್ರೆ ಎದ್ದು ಬರ್ತೇನೆ," ಎಂದಳು ದೇವಕಿ. "ಚೀಲ ನಿಮ್ಮ ಹತ್ರ ಕೊಡುದಿಲ್ಲ."

ನಾನು ಸ್ಕೂಟರನ್ನು ಮೆಲ್ಲನೆ ಬಿಟ್ಟೆ.